ಇಂತಿ, ಮಂಡಿನೋವಿನ ಒಬ್ಬ ಅಜ್ಜ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ಶುದ್ಧ ಸುಳ್ಳು. ಮದ್ದು ಇದೆ. ಷಡ್ಡಕ ಒಂದು ಸಲ ಚೆನ್ನಾಗಿ ಮುಗ್ಗರಿಸಿ ಬಿದ್ದರೆ ಸಾಕು, ಎಂಥ ಹೊಟ್ಟೆಕಿಚ್ಚೂ ತಣ್ಣಗಾಗುತ್ತದೆ. ಆದರೆ ಈ ಷಡ್ಡಕರು ಅಂತ ಇರ್ತಾರಲ್ಲ, ಅವರು ನಾವು ಬೇಕು ಅಂದಾಗ ಬೀಳೋದಿಲ್ಲ. ಅದೇ ಬಂದಿರೋ ತೊಂದರೆ.

ನಮ್ಮ ಟಪಾಲಪ್ಪನ ಕಥೆಯೂ ಇದೇ. ನಗರಸಭೆಯ ಟಪಾಲು ಗುಮಾಸ್ತ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಕುರ್ಚಿ, ಒಂದೇ ಕಿಟಕಿ, ಒಂದೇ ಸೀಲು. ಬಂದ ಕಾಗದಕ್ಕೆ ಸೀಲು ಒತ್ತಬೇಕು, ನಂಬರು ಹಾಕಬೇಕು, ರಿಜಿಸ್ಟರಿನಲ್ಲಿ ಬರೆದು ಮೇಲಕ್ಕೆ ಕಳಿಸಬೇಕು. ಉಳಿದ ಹೊತ್ತೆಲ್ಲ ಕಿಟಕಿಯಿಂದಾಚೆ ನಗರಸಭೆ ಮುಂದಿನ ಬಯಲು ನೋಡುತ್ತಾ ಕೂರಬೇಕು. ಕೆಲಸ ಇಷ್ಟೇ ಆದರೂ ನೆಂಟರ ಮುಂದೆ ಅವನು ಹೇಳುತ್ತಿದ್ದದ್ದು ಮಾತ್ರ ಬೇರೆ: "ನಾನು ಸೀಲು ಒತ್ತದೆ ನಗರಸಭೇಲಿ ಒಂದು ಹುಲ್ಲುಕಡ್ಡಿನೂ ಅಲ್ಲಾಡಲ್ಲ."

ಈ ಹುಲ್ಲುಕಡ್ಡಿ ಮಾತನ್ನು ಅವನು ಒಂದು ಭಾನುವಾರ ನಾದಿನಿ ಮನೆಯ ಊಟದ ಮೇಜಿನ ಮುಂದೆಯೂ ಆಡಿದ. ನಾದಿನಿ ಗಂಡ, ಅಂದರೆ ಷಡ್ಡಕ, ಕೈ ಒರೆಸಿಕೊಂಡು ನಕ್ಕ.

"ಹಾಗಾದ್ರೆ ನಿಮ್ಮ ಆಶೀರ್ವಾದ ಬೇಕೇ ಬೇಕು ಭಾವ. ಆ ಹುಲ್ಲೆಲ್ಲ ಇನ್ಮೇಲೆ ನನ್ನ ಕೈಗೆ ಬಂದಿದೆ."

ವಿಷಯ ಏನಪ್ಪಾ ಅಂದರೆ, ನಗರಸಭೆ ಮುಂದಿನ ಆ ಬೋಳು ಬಯಲನ್ನು ಜನ ಓಡಾಡುವಂಥ, ಕೂರುವಂಥ ಚೆಂದದ ಅಂಗಳ ಮಾಡಬೇಕು ಅಂತ ತೀರ್ಮಾನ ಆಗಿತ್ತು. ಅದರ ವಿನ್ಯಾಸ ಮಾಡುವ ಕೆಲಸ, ಹತ್ತು ಜನ ಪೈಪೋಟಿ ಮಾಡಿದರೂ, ಷಡ್ಡಕನಿಗೇ ಸಿಕ್ಕಿತ್ತು. ಆ ಪೈಪೋಟಿಯ ಹತ್ತೂ ಲಕೋಟೆಗಳಿಗೆ ಸೀಲು ಒತ್ತಿದವನು ಯಾರು? ನಮ್ಮ ಟಪಾಲಪ್ಪನೇ. ಲಕೋಟೆ ಮೇಲೆ ಕಂಪನಿ ಹೆಸರು ಮಾತ್ರ ಇತ್ತು, ಅದರೊಳಗೆ ತನ್ನ ಶನಿ ಮಡಚಿ ಕೂತಿದೆ ಅಂತ ಅವನಿಗೇನು ಗೊತ್ತು?

ಷಡ್ಡಕ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ನಕ್ಷೆ ಹರಡಿದ. "ಇಲ್ಲಿ ಕಾರಂಜಿ ಅತ್ತಿಗೆ, ಇಲ್ಲಿ ಕಲ್ಲುಹಾಸು, ಇಲ್ಲಿ ಸಾಲಾಗಿ ತಾಳೆ ಮರ..." ಟಪಾಲಪ್ಪನ ಹೆಂಡತಿ ಬಗ್ಗಿ ನೋಡಿದಳು. ಅವಳ ಮುಖ ಅರಳಿತು. ಹಾಗೆ ಅರಳಿದ್ದನ್ನು ಟಪಾಲಪ್ಪ ತನ್ನ ಲೆಕ್ಕದಲ್ಲಿ ಕಂಡದ್ದು ಒಂದೇ ಸಲ, ಬಚ್ಚಲಿನ ನಲ್ಲಿ ತಾನೇ ರಿಪೇರಿ ಮಾಡಿದ ದಿನ. ಆ ನಲ್ಲಿ ಸಂಜೆಗೆ ಮತ್ತೆ ಸೋರಿತ್ತು.

ಊಟ ಮುಗಿಸಿ ಹೆಂಡತಿ ಅವನ ಜೊತೆ ಮನೆಗೆ ಬಂದಳು. ಮನೆ ಬೀಗ ತೆಗೆಯುವಾಗ ಕೇಳಿದಳು, "ಅಲ್ಲಾ ರೀ, ಇಪ್ಪತ್ತೆರಡು ವರ್ಷ ಆ ಕಿಟಕೀಲಿ ಕೂತು ನೀವು ಏನು ನೋಡಿದ್ರಿ?"

ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದಳು. ಟಪಾಲಪ್ಪನಿಗೆ ಎದೆಗೆ ಒದ್ದ ಹಾಗಾಯಿತು. ಅವನಿಗೆ ಬಡ್ತಿ ಬೇಕಿರಲಿಲ್ಲ, ಕೀರ್ತಿ ಬೇಕಿರಲಿಲ್ಲ. ಈ ಹೆಂಗಸಿನ ಬಾಯಿಂದ ಒಂದೇ ಒಂದು ಸಲ "ಭೇಷ್" ಅನ್ನಿಸಿಕೊಳ್ಳಬೇಕು, ಅಷ್ಟೇ ಅವನ ಜನ್ಮದ ಆಸೆ. ಆ ಭೇಷ್ ಈಗ ಷಡ್ಡಕನ ಮನೆ ದಾರಿ ಹಿಡಿದಿತ್ತು.

ಮರುವಾರ ನಗರಸಭೆಯ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಗಳದ ಪುಟ್ಟ ಮಾದರಿ ಬಂದು ಕೂತಿತು. ಬೆರಳುದ್ದದ ಮರಗಳು, ಅಕ್ಕಿಕಾಳಿನಷ್ಟು ಜನ. ಪಕ್ಕದಲ್ಲೊಂದು ಸಲಹೆ ಡಬ್ಬಿ. ಮೇಲೆ ಆಯುಕ್ತರ ಸೂಚನೆ: ಒಂದು ತಿಂಗಳು ಸಾರ್ವಜನಿಕರು ಅಭಿಪ್ರಾಯ ಬರೆದು ಹಾಕಬಹುದು, ಪ್ರತಿ ಪತ್ರಕ್ಕೂ ಸೀಲು, ನಂಬರು ಬೀಳಬೇಕು, ವಿನ್ಯಾಸಕಾರರು ಪ್ರತಿ ಪತ್ರಕ್ಕೂ ಉತ್ತರ ಕೊಡಬೇಕು, ಗಂಭೀರ ಆಕ್ಷೇಪಣೆ ಬಂದರೆ ನಕ್ಷೆ ವಾಪಸ್.

ಟಪಾಲಪ್ಪ ಕೊನೆಯ ಸಾಲನ್ನು ಮೂರು ಸಲ ಓದಿದ. ಸರ್ಕಾರಿ ಭಾಷೆಯಲ್ಲಿ ಅಷ್ಟು ಸಿಹಿಯಾದ ಸಾಲನ್ನು ಅವನು ಈವರೆಗೆ ಓದಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವನು ಬುತ್ತಿ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ಎಡಗೈಗೆ ಪೆನ್ನು ಕೊಟ್ಟ. ಬಲಗೈ ಅಕ್ಷರ ಇಡೀ ಕಚೇರಿಗೆ ಪರಿಚಯ ನೋಡಿ. ಯಾರ ಹೆಸರಲ್ಲಿ ಬರೆಯೋದು ಅಂತ ಯೋಚಿಸಿದ. ವಯಸ್ಸಾದವರು ಅಂದರೆ ಅಧಿಕಾರಿಗಳಿಗೆ ಭಯ. ದೂರು ತಂದ ಮುದುಕರು ಬಂದ ದಾರಿಗೆ ಸುಮ್ಮನೆ ವಾಪಸ್ ಹೋಗೋದಿಲ್ಲ. ಎಡಗೈ ನಡುಗುತ್ತಾ ಬರೆಯಿತು:

"ಮಾನ್ಯರೇ, ಬಸ್ ನಿಲ್ದಾಣದಿಂದ ನಿಮ್ಮ ಬಾಗಿಲಿಗೆ ನೂರಾ ನಲವತ್ತು ಹೆಜ್ಜೆ, ಎಣಿಸಿದ್ದೇನೆ. ನಿಮ್ಮ ನಕ್ಷೆಯ ದಾರಿ ಹಾವಿನ ಹಾಗೆ ಅತ್ತಿತ್ತ ಹೊರಳಿ ಅದನ್ನು ಮುನ್ನೂರು ಮಾಡಿದೆ. ಹಾವಿಗೆ ಮಂಡಿ ಇಲ್ಲ, ನನಗೆ ಇದೆ. ಮೊಮ್ಮಗನ ಜನನ ಪತ್ರ ಕೇಳಲು ಹೊರಟವನು ನಿಮ್ಮ ದಾರಿ ಮುಗಿಸುವಷ್ಟರಲ್ಲಿ ನನ್ನ ಮರಣ ಪತ್ರವನ್ನೂ ಕೇಳಬೇಕಾದೀತು. ಈ ನಕ್ಷೆಯನ್ನು ಕೂಡಲೇ ತಿರಸ್ಕರಿಸಬೇಕಾಗಿ ಪ್ರಾರ್ಥನೆ. ಇಂತಿ, ಮಂಡಿನೋವಿನ ಒಬ್ಬ ಅಜ್ಜ."

ತಾನೇ ಡಬ್ಬಿಗೆ ಹಾಕಿದ. ನಾಲ್ಕು ಗಂಟೆಗೆ ತಾನೇ ಡಬ್ಬಿ ತೆಗೆದ. "ಅಬ್ಬಬ್ಬಾ, ಇದೇನು ಕಾಗದ ಬಂದಿದೆ!" ಅಂತ ಜವಾನನಿಗೆ ಕೇಳುವ ಹಾಗೆ ಹುಬ್ಬು ಏರಿಸಿ, ತಾನೇ ಸೀಲು ಒತ್ತಿದ. ಆವತ್ತಿನ ಸೀಲಿನ ಸದ್ದಿಗೆ ಪಕ್ಕದ ಟೈಪಿಸ್ಟು ಬೆಚ್ಚಿಬಿದ್ದಳಂತೆ.

ಎಂಟು ದಿನಕ್ಕೆ ಷಡ್ಡಕ ಮನೆಗೆ ಬಂದ. ಮುಖ ಬಾಡಿರಬೇಕು ಅಂತ ಟಪಾಲಪ್ಪ ಬಾಗಿಲಿಗೇ ಓಡಿದ. ಬಾಡೋದಿರಲಿ, ಮುಖದಲ್ಲಿ ಬೆಳಕು!

"ಭಾವ, ನಿಮ್ಮ ಡಬ್ಬೀಲಿ ರತ್ನ ಸಿಕ್ಕಿದೆ! ಯಾರೋ ಅಜ್ಜ, ನೂರಾ ನಲವತ್ತು ಹೆಜ್ಜೆ ಎಣಿಸಿದ್ದಾರೆ. ನಾನು ಕಚೇರೀಲಿ ಕೂತು ಗೆರೆ ಎಳೆದೆ, ಅವರು ನಡೆದು ನೋಡಿದ್ದಾರೆ. ದಾರಿ ನೇರ ಮಾಡಿಬಿಟ್ಟೆ. ಆಯುಕ್ತರು ಎಷ್ಟು ಮೆಚ್ಚಿಕೊಂಡ್ರು ಗೊತ್ತಾ? ಜನರ ಮಾತಿಗೆ ಕಿವಿಗೊಡೋ ವಿನ್ಯಾಸಕಾರ ಅಂದ್ರು ನನ್ನ!"

ಹೆಂಡತಿ ಒಳಗಿಂದ ಓಡಿ ಬಂದು ಪತ್ರದ ನಕಲನ್ನು ಕೈಗೆ ತೆಗೆದುಕೊಂಡಳು, ಗಟ್ಟಿಯಾಗಿ ಓದಿದಳು. ಹಾವಿನ ಮಂಡಿ ಬಂದ ಕೂಡಲೇ ಬಿದ್ದು ಬಿದ್ದು ನಕ್ಕಳು. ಟಪಾಲಪ್ಪ ಮೂವತ್ತು ವರ್ಷದ ಸಂಸಾರದಲ್ಲಿ ನೂರಾರು ಜೋಕು ಹೇಳಿದ್ದ, ಒಂದಕ್ಕೂ ಹೀಗೆ ನಕ್ಕವಳಲ್ಲ.

ಸೋಲೊಪ್ಪುವ ಜಾತಿಯವನೇ ಅವನು? ಇರಲಾರದೆ ಇರುವೆ ಬಿಟ್ಟುಕೊಂಡವನಿಗೆ ಒಂದು ಇರುವೆ ಸಾಲದು. ಮಾರನೆ ದಿನ ಎರಡನೇ ಪತ್ರ ಹೋಯಿತು. ಮುಖ ಕಾಣುವಷ್ಟು ನುಣುಪಾದ ಕಲ್ಲು ಹಾಸಿದ್ದೀರಿ, ನಾವು ಬರೋದು ಜನನ ಪತ್ರಕ್ಕೋ ಮುಖ ನೋಡಿಕೊಳ್ಳೋಕೋ, ಮಳೆ ಬಂದ ದಿನ ಜಾರಿ ಬಿದ್ದರೆ ಎತ್ತೋರು ಯಾರು? ಷಡ್ಡಕ ಒರಟು ಕಲ್ಲು ಹಾಕಿಸಿದ. ಮೂರನೇ ಪತ್ರ: ಬೆಂಚಿಗೆ ಬೆನ್ನೂ ಇಲ್ಲ, ಕೈಯೂ ಇಲ್ಲ, ಕೂತವನು ಏಳೋದಕ್ಕೆ ಏನನ್ನು ಹಿಡಿದುಕೊಳ್ಳಬೇಕು, ಆಯುಕ್ತರ ಕಾಲನ್ನಾ? ಬೆಂಚುಗಳಿಗೆ ಬೆನ್ನು ಬಂತು, ಕೈ ಬಂತು. ತಾಳೆ ಮರ ಶೋಕಿಗೆ ಸರಿ, ನೆರಳು ಕೇಳಿದರೆ ಆಕಾಶ ತೋರಿಸುತ್ತದೆ. ತಾಳೆ ಹೋಗಿ ಹೊಂಗೆ ಬಂತು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಪಡುವಣ ಗಾಳಿ ಏಳುತ್ತದೆ, ನಿಮ್ಮ ಕಾರಂಜಿ ಸಾಲಿನಲ್ಲಿ ನಿಂತವರಿಗೆಲ್ಲ ಸ್ನಾನ ಮಾಡಿಸುತ್ತದೆ. ಕಾರಂಜಿ ಮೂಲೆಗೆ ಸರಿಯಿತು.

ನೋಡಿ, ಒಂದೊಂದೂ ಸತ್ಯ. ಇಪ್ಪತ್ತೆರಡು ವರ್ಷ ಕಿಟಕಿಯಲ್ಲಿ ಕೂತವನಿಗಲ್ಲದೆ ಬೇರೆ ಯಾರಿಗೂ ಗೊತ್ತಿರದ ಸತ್ಯ. ಷಡ್ಡಕನ ಹಳ್ಳ ತೋಡೋಕೆ ಅಂತ ಎತ್ತಿದ ಒಂದೊಂದು ಬುಟ್ಟಿ ಮಣ್ಣೂ ಹೋಗಿ ಷಡ್ಡಕನ ಕಾಲಡಿಯೇ ದಿಬ್ಬವಾಗುತ್ತಿತ್ತು.

ಇಷ್ಟಾಗಿದ್ದರೆ ಸಹಿಸುತ್ತಿದ್ದನೇನೋ. ಒಂದು ಸಂಜೆ ಹೆಂಡತಿ ಷಡ್ಡಕ ತಂದುಕೊಟ್ಟ ಐದೂ ಪತ್ರಗಳ ನಕಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಎಂಥ ಮನುಷ್ಯ ರೀ ಈ ಅಜ್ಜ! ನಡೆಯೋವಾಗ ಹೆಜ್ಜೆ ಎಣಿಸ್ತಾರೆ, ಗಾಳಿ ಯಾವಾಗ ಏಳುತ್ತೆ ಅಂತ ನೋಡ್ತಾರೆ. ಇವರ ಕೈ ಹಿಡಿದವಳು ಎಷ್ಟು ಪುಣ್ಯ ಮಾಡಿದ್ಲೋ."

ಆ ಪುಣ್ಯವಂತೆ ಅಲ್ಲೇ ಕೂತಿದ್ದಳು. ಆದರೆ ಟಪಾಲಪ್ಪ ಅದನ್ನು ಹೇಳೋ ಹಾಗಿರಲಿಲ್ಲ. ಸುಳ್ಳು ಪತ್ರ ಬರೆದು, ಸರ್ಕಾರಿ ಸೀಲು ಒತ್ತಿ, ನಂಬರು ಬೇರೆ ಹಾಕಿದ್ದ. ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. "ಹುಂ, ಮುದುಕರಿಗೆ ಬೇರೇನು ಕೆಲಸ," ಅಂದ.

"ನಿಮಗೇನು ಬಹಳ ಕೆಲಸ ಇದೆಯಾ?" ಅಂದಳು ಹೆಂಡತಿ.

ಅಂದಿನಿಂದ ಅವನ ಹೊಟ್ಟೆಕಿಚ್ಚು ಷಡ್ಡಕನನ್ನು ಬಿಟ್ಟು ಅಜ್ಜನಿಗೆ ತಗುಲಿಕೊಂಡಿತು. ನಗಬೇಡಿ. ಯಾರೋ ಒಬ್ಬ ಮುದುಕ, ವಿಳಾಸ ಇಲ್ಲ, ಹೆಸರಿಲ್ಲ, ಮಂಡಿ ಬೇರೆ ಕೆಟ್ಟಿದೆ, ಇವನ ಹೆಂಡತಿಯ ಮನಸ್ಸಿನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ್ದಾನೆ! ಯಾವ ಗಂಡ ತಾನೇ ಸಹಿಸ್ತಾನೆ? ಅಜ್ಜನ ಮಾನ ಕಳೆಯಬೇಕು ಅಂತ ಟಪಾಲಪ್ಪ ಆರನೇ ಪತ್ರದಲ್ಲಿ ಷಡ್ಡಕನನ್ನು ಹಿಗ್ಗಾಮುಗ್ಗಾ ಬೈಸಿದ. "ನಿನ್ನ ತಲೆಯಲ್ಲಿರುವುದು ಮೆದುಳಲ್ಲ, ಸಿಮೆಂಟು. ಅದೂ ಗಟ್ಟಿಯಾಗಿಲ್ಲ."

ಷಡ್ಡಕ ಆ ಸಾಲಿಗೆ ಕಟ್ಟು ಹಾಕಿಸಿ ತನ್ನ ಕಚೇರಿ ಗೋಡೆಗೆ ತೂಗುಹಾಕಿದ. "ಇಷ್ಟು ಪ್ರೀತಿಯಿಂದ ನಮ್ಮಪ್ಪನೂ ಬೈದಿರಲಿಲ್ಲ ಭಾವ," ಅಂದು ಕಣ್ಣೊರೆಸಿಕೊಂಡ. ಆಯುಕ್ತರೂ ಓದಿದರು. "ಇಂಥ ನೇರ ನಾಗರಿಕರು ಎಲ್ಲಿದ್ದಾರೆ ಹುಡುಕಿ, ಸನ್ಮಾನ ಮಾಡೋಣ" ಅಂತ ಅಪ್ಪಣೆ ಮಾಡಿದರು. ಪತ್ರಿಕೆಯಲ್ಲಿ ಪ್ರಕಟಣೆ ಬಂತು: ಮಂಡಿನೋವಿನ ಅಜ್ಜ ದಯವಿಟ್ಟು ನಗರಸಭೆಗೆ ಬರಬೇಕು.

ಬಂದರು. ಇಪ್ಪತ್ಮೂರು ಜನ.

ಮೊಗಸಾಲೆ ತುಂಬ ಕುಂಟುವವರೇ. ಊರಲ್ಲಿ ಇಷ್ಟು ಮಂಡಿ ಕೆಟ್ಟಿವೆ ಅಂತ ಆಸ್ಪತ್ರೆಯವರಿಗೂ ಗೊತ್ತಿರಲಿಲ್ಲ. ಸಾಲಿನ ಮೊದಲಿಗರೇ ಟಪಾಲಪ್ಪನ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು. ಎಪ್ಪತ್ತಾದರೂ ದಿನಾ ಬೆಳಿಗ್ಗೆ ಮೈದಾನಕ್ಕೆ ಆರು ಸುತ್ತು ಓಡುವ ಆಸಾಮಿ, ಇವತ್ತು ಕೋಲೂರಿಕೊಂಡು ನಿಂತಿದ್ದಾರೆ. ಸೀಲಿನ ಗುಮಾಸ್ತನಿಗೆ ಅಕ್ಷರದ ಪರಿಚಯ ಇರುತ್ತದೆ ಅಂತ ಪರೀಕ್ಷೆ ಮಾಡುವ ಕೆಲಸ ಆಯುಕ್ತರು ಟಪಾಲಪ್ಪನಿಗೇ ವಹಿಸಿದ್ದರು.

"ಮೇಷ್ಟ್ರೇ, ಬೆಳಿಗ್ಗೆ ಓಡ್ತಾ ಇದ್ರಲ್ಲ!"

"ನೋವು ಮರೆಯೋಕೆ ಓಡ್ತೀನಪ್ಪ."

"ಯಾವ ಮಂಡಿ?"

"ಎಡಗಡೇದು."

"ಕೋಲು ಬಲಗಡೆ ಊರಿದ್ದೀರಿ, ಕುಂಟ್ತಾ ಇರೋದೂ ಬಲಗಾಲು."

ಮೇಷ್ಟ್ರು ಕೋಲನ್ನು ಎಡಗಡೆಗೆ ಬದಲಾಯಿಸಿಕೊಂಡು, "ನೋವು ಅಂದ್ರೆ ಒಂದೇ ಕಡೆ ಕೂತ್ಕೊಳ್ಳುತ್ತಾ? ಅದೇನು ಸರ್ಕಾರಿ ನೌಕರೀನಾ?" ಅಂದರು. ಹಿಂದಿದ್ದ ಇಪ್ಪತ್ತೆರಡು ಜನವೂ ಹೌದು ಹೌದು ಅಂತ ತಲೆಯಾಡಿಸಿದರು.

ಬಾರಿಸಿಬಿಡಬೇಕು ಅನ್ನಿಸಿತು ಟಪಾಲಪ್ಪನಿಗೆ. ತಾನು ಎಡಗೈ ಸೋತುಹೋಗುವವರೆಗೆ ಬರೆದದ್ದರ ಕೀರ್ತಿಯನ್ನು ಈ ಓಡುವ ಮುದುಕ ಎತ್ತಿಕೊಂಡು ಹೋಗೋದೇ? ನಾಳೆ ತನ್ನ ಹೆಂಡತಿ ಎದುರುಮನೆ ಕಡೆ ನೋಡಿ ನಿಟ್ಟುಸಿರು ಬಿಡೋದೇ? ಇಪ್ಪತ್ಮೂರು ಜನರನ್ನೂ ಬರೆಸಿ ನೋಡಿ, ಇಪ್ಪತ್ಮೂರೂ ಸುಳ್ಳು ಅಂತ ಷರಾ ಬರೆದ. ಆಯುಕ್ತರು ಇನ್ನೊಂದು ಪ್ರಕಟಣೆ ಕೊಡಿಸಿದರು. ಮರುದಿನ ನಲವತ್ತೊಂದು ಜನ ಬಂದರು, ಅದರಲ್ಲಿ ಇಬ್ಬರು ಅಜ್ಜಿಯರು.

ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದಂತಾಯಿತು. ಈ ಅಜ್ಜ ಬದುಕಿರುವವರೆಗೂ ತನಗೆ ನೆಮ್ಮದಿ ಇಲ್ಲ ಅಂತ ಟಪಾಲಪ್ಪನಿಗೆ ಖಚಿತವಾಯಿತು. ಮುಗಿಸೋದೇ ಸರಿ. ಊಟದ ಬಿಡುವಿನಲ್ಲಿ ಎಡಗೈಗೆ ಪೆನ್ನು ಕೊಟ್ಟು ಬರೆದ: "ಮಾನ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾನು ಮೊನ್ನೆ ಗುರುವಾರ ತೀರಿಕೊಂಡಿರುತ್ತೇನೆ." ಸೀಲು ಒತ್ತಿ, ನಂಬರು ಹಾಕುವಾಗ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಸಲ ಓದಿದ ಮೇಲೆ ಹೊಳೆಯಿತು. ಹರಿದು ಹಾಕಿ, ಮೊಮ್ಮಗ ಬರೆದ ಹಾಗೆ ಟೈಪು ಮಾಡಿಸಿ ತಂದ: ತಾತ ನಿದ್ದೆಯಲ್ಲೇ ಹೋದರು, ಹೆಸರು ಹೇಳುವುದು ಅವರಿಗೆ ಇಷ್ಟವಿರಲಿಲ್ಲ, ಸನ್ಮಾನ ಬೇಡ.

ಸತ್ತ ಅಂತ ಖುಷಿಪಡೋ ಹೊತ್ತಿಗೆ ಇನ್ನೊಂದು ಶುರುವಾಯಿತು. ನಗರಸಭೆಯಲ್ಲಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಟಪಾಲಪ್ಪನೂ ತಲೆ ತಗ್ಗಿಸಿ ನಿಂತ, ನಿಲ್ಲದೆ ಏನು ಮಾಡ್ತಾನೆ? "ಸನ್ಮಾನ ಬೇಡ ಅಂದ್ರಂತೆ, ಕೇಳಿದ್ರೇನ್ರೀ, ಎಂಥ ದೊಡ್ಡ ಮನುಷ್ಯ!" ಅಂತ ಆಯುಕ್ತರು ಗದ್ಗದಿತರಾದರು. ಡ್ರಿಲ್ ಮೇಷ್ಟ್ರು ತಾವು ಅಜ್ಜನ ಬಾಲ್ಯದ ಗೆಳೆಯ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮನೆಗೆ ಬಂದರೆ ಒಲೆ ಹಚ್ಚಿಲ್ಲ.

"ಅಡಿಗೆ?"

"ಹೇಗ್ರೀ ಮನಸ್ಸು ಬರುತ್ತೆ ನಿಮಗೆ?" ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. "ಒಂದು ಸಲ ನೋಡಬೇಕಿತ್ತು ಅವರನ್ನ. ದೂರದಿಂದಾದ್ರೂ ಸಾಕಿತ್ತು."

ಟಪಾಲಪ್ಪ ತನ್ನ ತಿಥಿಯ ದಿನ ತಾನೇ ಉಪವಾಸ ಮಲಗಿದ.

ಎಂಟು ತಿಂಗಳಿಗೆ ಅಂಗಳ ಸಿದ್ಧವಾಯಿತು. ಉದ್ಘಾಟನೆಯ ಸಂಜೆ ಊರಿಗೆ ಊರೇ ಸೇರಿತ್ತು. ಹೊಗಳದೆ ಇರಲಾಗದ ಹಾಗಿತ್ತು, ಹೊಟ್ಟೆ ಉರಿಯುವವನೂ ಒಪ್ಪಲೇಬೇಕು. ಬಸ್ಸಿಳಿದವರು ನೆಟ್ಟಗೆ ಬಾಗಿಲಿಗೆ ಬರುತ್ತಿದ್ದರು. ಮುದುಕಿಯೊಬ್ಬಳು ಬೆಂಚಿನ ಕೈ ಹಿಡಿದು, ಯಾರನ್ನೂ ಕರೆಯದೆ, ತಾನಾಗಿ ಎದ್ದಳು. ಹೊಂಗೆ ಗಿಡಗಳು ಇನ್ನೂ ಆಳೆತ್ತರ, ನೆರಳು ಅಂಗೈಯಗಲ, ಆದರೂ ಅಷ್ಟರಲ್ಲೇ ಇಬ್ಬರು ಮಕ್ಕಳು ಸೇರಿಕೊಂಡಿದ್ದರು. ಕಾರಂಜಿಯ ಒಂದು ಹನಿಯೂ ಯಾರ ಮೇಲೂ ಬೀಳುತ್ತಿರಲಿಲ್ಲ. ಇದೆಲ್ಲ ನನ್ನದು ಅಂತ ಕೂಗಿಬಿಡಬೇಕು ಅನ್ನಿಸಿತು ಟಪಾಲಪ್ಪನಿಗೆ.

ಷಡ್ಡಕ ವೇದಿಕೆ ಹತ್ತಿದ. "ಇದು ನನ್ನ ವಿನ್ಯಾಸ ಅಲ್ಲ. ನಾನು ನೋಡದ, ಹೆಸರೂ ತಿಳಿಯದ ಒಬ್ಬ ಹಿರಿಯರದ್ದು," ಅಂದ. ಆಯುಕ್ತರು ಪರದೆ ಸರಿಸಿದರು. ಕಲ್ಲಿನ ಮೇಲೆ ಕೆತ್ತಿತ್ತು: ಅಜ್ಜನ ಅಂಗಳ. ಚಪ್ಪಾಳೆ ಸುರಿಯಿತು. ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಟಪಾಲಪ್ಪನ ಹೆಂಡತಿ. ಕಣ್ಣಲ್ಲಿ ನೀರು. "ಭೇಷ್ ಅಜ್ಜ, ಭೇಷ್" ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಇನ್ನು ತಡೆದುಕೊಂಡರೆ ಪ್ರಾಣ ಹೋಗುತ್ತದೆ ಅನ್ನಿಸಿತು ಅವನಿಗೆ. ಹೋದರೆ ಹೋಗಲಿ ಕೆಲಸ. ಜನ ಚದುರಿದ ಮೇಲೆ ಅವಳನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಅತ್ತಿತ್ತ ನೋಡಿ, ಪಿಸುಗುಟ್ಟಿದ.

"ಲೇ, ಯಾರಿಗೂ ಹೇಳಬೇಡ. ಆ ಅಜ್ಜ ನಾನೇ."

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಜ್ವರ ಏನಾದ್ರೂ ಇದೆಯಾ?"

"ದೇವರಾಣೆ ಕಣೇ! ಮೂರು ಗಂಟೆಗೆ ಪಡುವಣ ಗಾಳಿ ಬರುತ್ತೆ ಅಂತ ನನಗೆ ಹೇಗೆ ಗೊತ್ತು, ಹೇಳು ನೋಡೋಣ?"

"ಪತ್ರದಲ್ಲಿತ್ತು, ಓದಿದ್ರಿ. ಸೀಲು ಒತ್ತಿದ್ದು ನೀವೇ ತಾನೆ?"

"ನೂರಾ ನಲವತ್ತು ಹೆಜ್ಜೆ?"

"ಅದೂ ಪತ್ರದಲ್ಲೇ ಇತ್ತು."

"ತಾಳು, ಬರೆದೇ ತೋರಿಸ್ತೀನಿ." ಆಮಂತ್ರಣ ಪತ್ರದ ಹಿಂಬದಿಗೆ, ಎಡಗೈಯಲ್ಲಿ, ಹಲ್ಲು ಕಚ್ಚಿಕೊಂಡು ಬರೆದ: ಇಂತಿ, ಮಂಡಿನೋವಿನ ಒಬ್ಬ ಅಜ್ಜ. ಎಂಟು ತಿಂಗಳಿಂದ ಪೆನ್ನು ಮುಟ್ಟದ ಎಡಗೈ, ಜೊತೆಗೆ ಸಿಟ್ಟು. ಒಂದಕ್ಷರ ಆಕಾಶಕ್ಕೆ, ಒಂದು ಪಾತಾಳಕ್ಕೆ ಹೋಯಿತು. ಹೆಂಡತಿ ಚೀಲದಿಂದ ಅಜ್ಜನ ಪತ್ರದ ನಕಲು ತೆಗೆದು ಪಕ್ಕದಲ್ಲಿಟ್ಟು ನೋಡಿದಳು.

"ಅವರ ಅಕ್ಷರ ನೋಡಿ, ನಡುಗಿದ್ರೂ ಎಷ್ಟು ಮುದ್ದಾಗಿದೆ. ಇದು ಬರೀ ಗೀಚಾಟ. ಇನ್ನೊಬ್ಬರ ಹಾಗೆ ಬರೆಯೋಕೂ ಯೋಗ್ಯತೆ ಬೇಕು ರೀ."

"ಅಯ್ಯೋ, ನಾನು ಹೇಳೋದು ಕೇಳೇ..."

"ಏನು ಕೇಳೋದು? ನನ್ನ ತಂಗಿ ಗಂಡನ ಮೇಲೆ ಹೊಟ್ಟೆಕಿಚ್ಚು ಪಟ್ರಿ, ಕಂಡೂ ಕಾಣದ ಹಾಗೆ ಇದ್ದೆ. ಸತ್ತವರ ಮೇಲೂನಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕ ಇತ್ತು. ಅದು ಇನ್ನೂ ಕೆಟ್ಟದ್ದು. ಪತ್ರವನ್ನು ಜೋಪಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು, ಆಮಂತ್ರಣದ ಹಾಳೆಯನ್ನು ಗಂಡನಿಗೇ ವಾಪಸ್ ಕೊಟ್ಟಳು. ಆಮೇಲೆ ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ನೋಡುತ್ತಾ ನಿಟ್ಟುಸಿರು ಬಿಟ್ಟಳು.

"ಆ ಪುಣ್ಯಾತ್ಮ ಇನ್ನೊಂದು ವರ್ಷ ಬದುಕಿದ್ರೆ ಎಷ್ಟು ಚೆನ್ನಾಗಿತ್ತು. ನಮ್ಮನೆಯವರಿಗೂ ಒಂದು ಕಾಗದ ಬರೆದು ಸ್ವಲ್ಪ ಬುದ್ಧಿ ಹೇಳಿ ಅಂತ ಕೇಳಿಕೊಳ್ತಿದ್ದೆ."